ಪಾರ್ಕಿನ್ಸನ್ ಅಂದರೆ ಕೈ ನಡುಕ ಅಷ್ಟೇನಾ?

ಮಾನ್ಯ ಸಂಪಾದಕರೇ,

ಏಪ್ರಿಲ್ 11ರ ಪಾರ್ಕಿನ್ಸನ್ ದಿನಕ್ಕೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕೈ ನಡುಕ, ಬಿಗಿಯಾಗುವ ಮೈ, ನಡಿಗೆ, ವ್ಯಾಯಾಮ ಎಲ್ಲ ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಈ ಕಾಯಿಲೆ ಮನಸ್ಸಿಗೆ, ಬುದ್ಧಿಗೆ ಏನು ಮಾಡುತ್ತದೆ ಅನ್ನೋದರ ಬಗ್ಗೆ ಒಂದು ಸಾಲೂ ಇರಲಿಲ್ಲ. ತಿಪಟೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ, ಮನೆಯಲ್ಲಿ ಅಮ್ಮನಿಗೂ ಇದೇ ಕಾಯಿಲೆ. ಅದಕ್ಕೇ ಈ ಪತ್ರ.

ಅಮ್ಮನಿಗೆ ಸಂಜೆ ಹೊತ್ತು ಹಜಾರದಲ್ಲಿ ಮಕ್ಕಳು ಕಾಣುತ್ತಾರೆ. ಹೆದರಿಕೆಯೇನೂ ಇಲ್ಲ. 'ಆ ಹುಡುಗ್ರಿಗೆ ಒಂಚೂರು ಮಂಡಕ್ಕಿ ಕೊಡೋ, ಆಗ್ಲಿಂದ ನಿಂತವೆ' ಅನ್ನುತ್ತಾಳೆ. ನೆಂಟರಲ್ಲಿ ಒಬ್ಬರು ಗಾಳಿ ಸೋಕಿದೆ ಅಂದರು, ಇನ್ನೊಬ್ಬರು ಅರಳುಮರಳು ಅಂದರು. ಎರಡೂ ಅಲ್ಲ. ಪಾರ್ಕಿನ್ಸನ್ ಇರುವವರಿಗೆ ಇಲ್ಲದ ಮಕ್ಕಳು, ಬೆಕ್ಕು, ನಾಯಿ ಕಾಣಿಸುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ. ಕೆಲವು ಸಲ ಕಾಯಿಲೆಯಿಂದ, ಕೆಲವು ಸಲ ಮಾತ್ರೆಯಿಂದ, ಎಷ್ಟೋ ಸಲ ಎರಡೂ ಸೇರಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಹಳೇ ಮಾತ್ರೆ, ಅಗ್ಗದ್ದು. ವಯಸ್ಸಾದವರಲ್ಲಿ ಅದು ಮರೆವನ್ನೂ ಗೊಂದಲವನ್ನೂ ಹೆಚ್ಚಿಸಬಹುದು. ಡಾಕ್ಟರು ಅದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದ ಮೇಲೆ ಮಕ್ಕಳು ಬರೋದು ಕಡಿಮೆಯಾಯಿತು. ಕೈ ನಡುಕ ಮಾತ್ರ ಜಾಸ್ತಿಯಾಗಿದೆ. ಕಾಫಿ ಚೆಲ್ಲುತ್ತೆ ಅಂತ ಅಮ್ಮನ ತಕರಾರು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಬರೀ ಆರು ಮಂದಿಯನ್ನು ಗಮನಿಸಿ ಈ ಕಾಯಿಲೆಯನ್ನು ವಿವರಿಸಿದರು. ಅವರಲ್ಲಿ ಕೆಲವರನ್ನು ನೋಡಿದ್ದು ಬೀದಿಯಲ್ಲಿ. ಇಂದ್ರಿಯಗಳಿಗೂ ಬುದ್ಧಿಗೂ ಏನೂ ಆಗುವುದಿಲ್ಲ ಅಂತ ಬರೆದುಬಿಟ್ಟರು. ಆಮೇಲಿನ ಸಂಶೋಧನೆ ಅದನ್ನು ಸುಳ್ಳು ಮಾಡಿದೆ. ಖಿನ್ನತೆ, ಆತಂಕ ಎಷ್ಟೋ ಜನರಲ್ಲಿ ನಡುಕಕ್ಕಿಂತ ಮೊದಲೇ ಶುರುವಾಗುತ್ತವೆ. ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಹಿಂಬಾಲಿಸಿ ನೋಡಿದಾಗ, ಬದುಕುಳಿದವರಲ್ಲಿ ನೂರಕ್ಕೆ 83 ಮಂದಿಗೆ ಡಿಮೆನ್ಷಿಯಾ, ಅಂದರೆ ಬುದ್ಧಿ-ನೆನಪು ಕುಂದುವ ಕಾಯಿಲೆ, ಬಂದಿತ್ತು. ಇಷ್ಟಾದರೂ ನಮ್ಮ ಕಡೆ ಪೇಷಂಟ್ ಬಂದರೆ 'ಕೈ ಚಾಚಿ' ಅನ್ನುತ್ತಾರೆಯೇ ಹೊರತು 'ರಾತ್ರಿ ಏನಾದರೂ ಕಾಣಿಸುತ್ತಾ' ಅಂತ ಕೇಳುವವರು ಕಡಿಮೆ.

ಅಂಗಡಿಗೆ ಒಂದೇ ಮನೆಯಿಂದ ಎರಡು ಚೀಟಿ ಬರುತ್ತವೆ. ಒಂದರಲ್ಲಿ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ, ಇನ್ನೊಂದರಲ್ಲಿ ಭ್ರಮೆ ಅಡಗಿಸಲು ಕೊಡುವ ಹ್ಯಾಲೊಪೆರಿಡಾಲ್. ಒಂದು ಈ ಕಾಯಿಲೆಯಲ್ಲಿ ಕಡಿಮೆಯಾಗುವ ಡೋಪಮೈನ್ ಅನ್ನುವ ರಾಸಾಯನಿಕವನ್ನು ಮೆದುಳಿಗೆ ಕೊಡುವುದು, ಇನ್ನೊಂದು ಅದೇ ಡೋಪಮೈನಿಗೆ ಅಡ್ಡ ನಿಲ್ಲುವುದು. ಪಾರ್ಕಿನ್ಸನ್ ಇರುವವರಿಗೆ ಹ್ಯಾಲೊಪೆರಿಡಾಲ್ ಕೊಟ್ಟರೆ ನಡೆದಾಡುತ್ತಿದ್ದವರೂ ಹಾಸಿಗೆ ಹಿಡಿಯಬಹುದು. ಭ್ರಮೆಗೆ ಬೇರೆ ದಾರಿ ಇದೆ. ಮೊದಲು ಮಾತ್ರೆಗಳ ಪಟ್ಟಿ ನೋಡಬೇಕು, ಮೂತ್ರದ ಸೋಂಕು ಇದೆಯಾ ನೋಡಬೇಕು. ಆಮೇಲೂ ಬೇಕಾದರೆ ಕ್ಲೋಜಪಿನ್ ಅನ್ನುವ ಮಾತ್ರೆ ಇದೆ, ಪದೇ ಪದೇ ರಕ್ತ ಪರೀಕ್ಷೆ ಮಾಡಿಸಬೇಕು ಅಷ್ಟೆ. ಚೀಟಿ ಬರೆದ ಇಬ್ಬರೂ ತಿಳಿದವರೇ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಫೋನ್ ಮಾಡಿ ಕೇಳದೆ ನಾನು ಎರಡನೆಯದನ್ನು ಕೊಡುವುದಿಲ್ಲ. ಬೈಸಿಕೊಂಡಿದ್ದೂ ಇದೆ.

ಇನ್ನೊಂದು ವಿಷಯವಂತೂ ಯಾರೂ ಬಾಯಿ ಬಿಡುವುದಿಲ್ಲ. ಪಾರ್ಕಿನ್ಸನ್‌ಗೇ ಕೊಡುವ, ಡೋಪಮೈನಿನ ಹಾಗೆ ಕೆಲಸ ಮಾಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಅನ್ನುವ ಮಾತ್ರೆ ತಗೊಳ್ಳುವವರಲ್ಲಿ ಕೆಲವರಿಗೆ ಜೂಜು, ಸಿಕ್ಕಿದ್ದೆಲ್ಲ ಕೊಳ್ಳುವುದು, ತಿನ್ನುವುದು, ಕಾಮದ ಹಂಬಲ ಮಿತಿ ಮೀರುತ್ತದೆ. ತೋಟದಲ್ಲಿ ಒಂದು ಪಾತಿ ಒಣಗಿದೆ ಅಂತ ನೀರು ಬಿಟ್ಟರೆ ಪಕ್ಕದ ಪಾತಿ ಉಕ್ಕಿ ಹರಿಯುತ್ತದಲ್ಲ, ಹಾಗೆ. ಮೆದುಳಿನಲ್ಲಿ ಚಲನೆ ನೋಡಿಕೊಳ್ಳುವ ಭಾಗಕ್ಕೆ ಡೋಪಮೈನ್ ಸಾಲದು, ಆಸೆ ಹುಟ್ಟಿಸುವ ಭಾಗಕ್ಕೆ ಅದೇ ಜಾಸ್ತಿ. ಅಮೆರಿಕ, ಕೆನಡಾದಲ್ಲಿ 3,090 ರೋಗಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಇಂಥ ಮಾತ್ರೆ ನುಂಗುವವರಲ್ಲಿ ನೂರಕ್ಕೆ 17 ಮಂದಿಗೆ ಈ ತೊಂದರೆ ಇತ್ತು, ನುಂಗದವರಲ್ಲಿ 7 ಮಂದಿಗೆ. ಜೀವನವಿಡೀ ಇಸ್ಪೀಟು ಮುಟ್ಟದ ಹಿರಿಯರು ಪಿಂಚಣಿಯನ್ನೆಲ್ಲ ಮೊಬೈಲ್ ರಮ್ಮಿಗೆ ಸುರಿದರೆ ಮನೆಯವರು ಏನಂದುಕೊಳ್ಳಬೇಕು? ಮರ್ಯಾದೆಗೆ ಅಂಜಿ ಡಾಕ್ಟರ ಹತ್ತಿರವೂ ಹೇಳುವುದಿಲ್ಲ. ಹೇಳಿದರೆ ಮಾತ್ರೆ ಬದಲಿಸಬಹುದು. ತಾವಾಗಿಯೇ ದಿಢೀರ್ ನಿಲ್ಲಿಸುವುದು ಮಾತ್ರ ಬೇಡ.

ನಿಮ್ಹಾನ್ಸ್‌ನಲ್ಲಿ ನರರೋಗವೂ ಮನೋರೋಗವೂ ಒಂದೇ ಆವರಣದಲ್ಲಿವೆ. ಎಲ್ಲರೂ ಬೆಂಗಳೂರಿಗೆ ಹೋಗೋಕಾಗುತ್ತಾ? ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅನ್ನುವ ಮೆದುಳಿನ ಆರೋಗ್ಯದ ಯೋಜನೆ ಶುರು ಮಾಡಿತು. ಅದರ ಕ್ಲಿನಿಕ್‌ಗಳಲ್ಲಿ ಪಾರ್ಕಿನ್ಸನ್ ಇರುವವರು ಬಂದಾಗಲೆಲ್ಲ ನಿದ್ದೆ, ಬೇಸರ, ಮರೆವು, ಭ್ರಮೆ, ದುಡ್ಡಿನ ಖರ್ಚು, ಈ ಐದು ವಿಷಯ ಕೇಳಿ ಚೀಟಿಯಲ್ಲಿ ಬರೆದರೆ ಸಾಕು. ಎರಡನೇ ಡಾಕ್ಟರಿಗೆ ಅದು ಕಣ್ಣಿಗೆ ಬೀಳುತ್ತದೆ. ನೀವೂ ಮುಂದಿನ ಏಪ್ರಿಲ್ ತನಕ ಕಾಯದೆ ಇದರ ಬಗ್ಗೆ ಒಂದು ಲೇಖನ ಹಾಕಿ. ಕತ್ತರಿಸಿ ಅಂಗಡಿಯ ಕೌಂಟರಿನಲ್ಲಿ ಅಂಟಿಸುತ್ತೇನೆ.

ಇಂತಿ,
ಔಷಧಿ ಅಂಗಡಿಯ ಓದುಗ, ತಿಪಟೂರು