ಕುಡಿದವರ ಮಾತಲ್ವಾ ದೊಡ್ಡಮ್ಮ?

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಹೊಸ ಕೆಲಸದ ವಿಷಯ ಓದಿ ಖುಷಿಪಟ್ಟೆ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಉಳಿದದ್ದೆಲ್ಲ ಮರೆತುಹೋಯಿತು. "ಅಪ್ಪ ಕುಡಿದು ಬಂದಾಗ, ನಂದು ಮುಗೀತು, ನಾನಿಲ್ಲದಿದ್ರೆ ನೀವೆಲ್ಲ ನೆಮ್ಮದಿಯಾಗಿರ್ತೀರಿ ಅಂತಾರೆ. ಬೆಳಿಗ್ಗೆ ಕೇಳಿದ್ರೆ ನೆನಪೇ ಇಲ್ಲ ಅಂತಾರೆ. ಕುಡಿದವರ ಮಾತಲ್ವಾ ದೊಡ್ಡಮ್ಮ?"

ಆ 'ಅಲ್ವಾ'ಗೆ ಹೂಂ ಅನ್ನಲು ನನ್ನಿಂದ ಆಗುತ್ತಿಲ್ಲ.

ನಿಮ್ಮಪ್ಪನ ಕುಡಿತ, ತೋಟದ ಸಾಲ ಎಲ್ಲ ಗೊತ್ತಿರುವುದೇ. ದೊಡ್ಡ ಮಾವ, ಅಂದರೆ ನನ್ನ ಅಣ್ಣ, ತಾನೇ ಜೀವ ಕಳೆದುಕೊಂಡಿದ್ದೂ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನಿನ್ನ ಅಮ್ಮನಿಗೂ ನಾನು ಹೇಳಿಲ್ಲ.

ಅದರ ಹಿಂದಿನ ದಿನ ಸಂಜೆ ಅಣ್ಣ ನಮ್ಮ ಅಡುಗೆಮನೆ ಹೊಸ್ತಿಲ ಮೇಲೆ ಕೂತಿದ್ದ. ನಾನು ಮುದ್ದೆ ತಿರುವುತ್ತಿದ್ದೆ. "ನಾನು ಹೋದ್ರೆ ನಿಮಗೆಲ್ಲ ಹಗುರ ಕಣೇ" ಅಂದ. ನಾನು ತಿರುಗಿಯೂ ನೋಡಲಿಲ್ಲ. "ಮೊದಲು ಕುಡಿದಿದ್ದು ಇಳೀಲಿ, ಆಮೇಲೆ ಮಾತಾಡು" ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಎದ್ದು ಹೋದ. ಮುದ್ದೆ ಆರಿಹೋಯಿತು, ಅವನು ಊಟಕ್ಕೂ ಬರಲಿಲ್ಲ.

ನಾನು ಕೇಳಿಸಿಕೊಂಡಿದ್ದರೆ ಉಳಿಯುತ್ತಿದ್ದ ಅಂತ ಹೇಳಲಾರೆ. ಅತ್ತಿಗೆ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಕೆಲಸ ಹೋಗಿತ್ತು. ಒಬ್ಬನೇ ಇದ್ದ. ಒಂದೇ ಕಾರಣ ಯಾವತ್ತೂ ಇರುವುದಿಲ್ಲ. ಆದರೂ ಅವತ್ತು ಅವನು ಹೇಳಿದ್ದು ನಿಜ. ನಾನು ಅದನ್ನು ಬಾಟಲಿಯ ಮಾತು ಅಂದುಕೊಂಡೆ.

2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಅಂಗಡಿ ಮುಚ್ಚಿತು, ಇನ್ನು ಅಣ್ಣ ಉಳಿದ ಅಂತ ನಂಬಿದ್ದೆ. ಅವನು ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಹಿಡಿದ. ಅವನಿಗೆ ಒಳಗೆ ಏನು ಉರಿಯುತ್ತಿದೆ ಅಂತ ನಾವು ಯಾರೂ ಕೇಳಲೇ ಇಲ್ಲ. ಅದಕ್ಕೂ ಮೊದಲೇ ಒಂದು ಸಲ ಜೀವ ಕಳೆದುಕೊಳ್ಳಲು ಹೋಗಿದ್ದ, ಪುಟ್ಟಾ. ಪೊಲೀಸ್ ಕೇಸಾಗುತ್ತೆ ಅಂತ ಹೆದರಿ ಊರಿಗೆಲ್ಲ ಜ್ವರ ಅಂತ ಹೇಳಿದೆವು. ಮನೆಗೆ ಬಂದ ಮೇಲೆ ಯಾರೂ ಆ ಮಾತೇ ಎತ್ತಲಿಲ್ಲ. ಒಮ್ಮೆ ಪ್ರಯತ್ನಿಸಿದವರಿಗೆ ಮುಂದೆ ಅಪಾಯ ಜಾಸ್ತಿ ಅಂತ ಆಗ ಗೊತ್ತಿರಲಿಲ್ಲ. ಈಗ ಆ ಕೇಸಿನ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಅಂಥವರನ್ನು ಶಿಕ್ಷಿಸುವಂತಿಲ್ಲ, ಆರೈಕೆ ಮಾಡಬೇಕು.

ಎಷ್ಟೋ ವರ್ಷದ ಮೇಲೆ ಪಕ್ಕದ ಮನೆ ಹುಡುಗನ ಜೊತೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿದ್ದೆ. ಅಲ್ಲಿ ಕುಡಿತ ಬಿಡಿಸುವುದಕ್ಕೇ ಬೇರೆ ವಿಭಾಗವಿದೆ. ಡಾಕ್ಟರಮ್ಮ ಅವನನ್ನು ನೇರವಾಗಿ, "ಸಾಯಬೇಕು ಅನ್ನಿಸುತ್ತಾ?" ಅಂತ ಕೇಳಿದರು. ನನ್ನ ಎದೆ ಝಲ್ ಅಂದಿತು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲವಾ ಅಂತ ಆಮೇಲೆ ಕೇಳಿದೆ. ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ ಅಂದರು. ಕುಡಿತಕ್ಕೆ ಸಿಕ್ಕಿಕೊಂಡವರಿಗೆ ಈ ಅಪಾಯ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಕುಡಿತ ಮನಸ್ಸನ್ನು ಕುಗ್ಗಿಸುತ್ತದೆ. ದುಡುಕದಂತೆ ತಡೆಯುವ ವಿವೇಕವನ್ನೂ ಅದೇ ಹೊತ್ತಿಗೆ ಕಿತ್ತುಕೊಳ್ಳುತ್ತದೆ. ನಿಮ್ಮಪ್ಪ ನೆನಪಿಲ್ಲ ಅನ್ನುವುದು ಸುಳ್ಳಿರಲಾರದು. ಜಾಸ್ತಿ ಕುಡಿದಾಗ ಆಡಿದ ಮಾತು ಮಿದುಳಿನಲ್ಲಿ ಉಳಿಯದೇ ಹೋಗಬಹುದು. ಮಾತು ಮರೆತುಹೋಗಬಹುದು, ಅದರ ಹಿಂದಿನ ಸಂಕಟ ಬೆಳಿಗ್ಗೆಯೂ ಇರುತ್ತದೆ.

ಅದಕ್ಕೇ ಬೆಳಿಗ್ಗೆ ಕೇಳು. ಕುಡಿಯದೆ ಇರುವ ಹೊತ್ತು ನೋಡಿ, ಪಕ್ಕದಲ್ಲಿ ಕೂತು, "ಅಪ್ಪಾ, ಸಾಯುವ ಯೋಚನೆ ಬರುತ್ತಾ?" ಅಂತ ಅದೇ ಶಬ್ದದಲ್ಲಿ ಕೇಳು. ಬೈಯಬೇಡ, ಆಣೆ ಹಾಕಿಸಬೇಡ. ಅಣ್ಣನಿಂದ ನಾನು ಎಷ್ಟು ಆಣೆ ಹಾಕಿಸಿದ್ದೆನೋ. ಪ್ರತಿ ಸಲ ಮುರಿದಾಗ ಅವನ ತಲೆ ಇನ್ನಷ್ಟು ತಗ್ಗುತ್ತಿತ್ತು.

ಹಬ್ಬಕ್ಕೆ ಬಂದು ರೂಮಿನಲ್ಲಿ ಕೂಡಿಹಾಕಿ ಬಿಡಿಸ್ತೀನಿ ಅಂದಿದ್ದೀಯ. ಬೇಡಪ್ಪ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದೆಲ್ಲ ಕಂಡು, ಕೇಳಿಸಿ, ಜೀವಕ್ಕೇ ಸಂಚಕಾರ ಬರಬಹುದು. ಡಾಕ್ಟರ ಕಣ್ಣೆದುರೇ ಬಿಡಿಸಬೇಕು. ಬಿಟ್ಟ ಮೇಲೂ ಮೊದಲ ಕೆಲವು ವಾರ ಮನಸ್ಸು ತೀರಾ ಕುಗ್ಗಿರುತ್ತದೆ. ಕುಡಿತ ನಿಂತಿತಲ್ಲ ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತದು. ಆಗಲೇ ಅವರನ್ನು ಒಂಟಿಯಾಗಿ ಬಿಡಬಾರದು. ತುಂಬ ಜನಕ್ಕೆ ಮೂರು ನಾಲ್ಕು ವಾರದಲ್ಲಿ ಹಗುರವಾಗುತ್ತದೆ. ಆಗದಿದ್ದರೆ ಖಿನ್ನತೆಗೂ ಔಷಧಿ ಇದೆ.

ಇನ್ನೇನು ಹೇಳಲಿ, ನಾನು ಡಾಕ್ಟರಲ್ಲ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಮಾತಾಡಲೇಬೇಕು ಅಂತಿಲ್ಲ, ನೀನೇ ಕೇಳಬಹುದು. ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಇಡುವುದು ಬೇಡ ಅಂತ ಅಮ್ಮನಿಗೆ ಹೇಳು. ಬೇರೆಯವರ ಕೈಲಿ, ಬೀಗ ಹಾಕಿ ಇಡಿಸಲಿ. ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ. ಯಾವುದೇ ರಾತ್ರಿ ಅವರ ಮಾತು ಬೇರೆ ಥರ ಅನ್ನಿಸಿದರೆ ಒಬ್ಬರನ್ನೇ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ, ಇಲ್ಲ 108ಕ್ಕೆ ಫೋನ್ ಮಾಡಲಿ. ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡ ಕಂದಾ. ಚಿಕಿತ್ಸೆ ಪಡೆದು ಚೆನ್ನಾಗಿರುವವರು ತುಂಬ ಜನ ಇದ್ದಾರೆ. ಪಕ್ಕದ ಮನೆ ಹುಡುಗ ಈಗ ಆಟೋ ಓಡಿಸುತ್ತಾನೆ. ನಡುವೆ ಎರಡು ಸಲ ಮತ್ತೆ ಕುಡಿದ, ಎರಡು ಸಲವೂ ಅವರ ತಾಯಿ ವಾಪಸ್ ಕರೆದುಕೊಂಡು ಹೋದರು.

ನೀನು ಹಬ್ಬದವರೆಗೆ ಕಾಯಬೇಡ. ಈ ಶನಿವಾರ ಊರಿಗೆ ಹೋಗು. ನಾನು ಬೆಳಗಿನ ಬಸ್ಸಿಗೇ ಹೊರಟು ನಿನಗಿಂತ ಮುಂಚೆ ಬಂದಿರುತ್ತೇನೆ. ಅಣ್ಣ ಹೊಸ್ತಿಲ ಮೇಲೆ ಕೂತು ಆಡಿದ ಮಾತನ್ನು ನಿನ್ನ ಅಮ್ಮನಿಗೆ ನಾನೇ ಹೇಳಬೇಕು.

ಇಂತಿ,
ನಿನ್ನ ದೊಡ್ಡಮ್ಮ