ಹೆಗಲು ನೋವಿಗೆ ಕೈ ಕಟ್ಟಿ ಕೂಡುವುದು ಮದ್ದಲ್ಲ

ಮಾನ್ಯ ಸಂಪಾದಕರೇ,

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಆವಕ ಹೆಚ್ಚಿದಂತೆ ಚೀಲ ಹೊರುವ ಹಮಾಲರ ಹೆಗಲು ನೋವೂ ಹೆಚ್ಚುತ್ತದೆ. ಬೆಟಗೇರಿಯ ಮಗ್ಗದವರಿಗೆ, ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಅದಕ್ಕೆ ಹಂಗಾಮೇ ಬೇಕಿಲ್ಲ. ಮೊನ್ನೆ ಶುರುವಾದ ನೋವಿಗೂ ಆರು ತಿಂಗಳ ಹಳೆಯ ನೋವಿಗೂ ಬಹಳ ಕಡೆ ಒಂದೇ ಸಲಹೆ: ಗುಳಿಗೆ, ಮುಲಾಮು, ವಿಶ್ರಾಂತಿ. ಇದು ತಪ್ಪು.

ಹೊಸ ನೋವಿನಲ್ಲಿ ದೇಹದ್ದೇ ಪಾಲು ಹೆಚ್ಚು. ಕೀಲನ್ನು ಹಿಡಿದಿಡುವ ನಾಲ್ಕು ಸಣ್ಣ ಸ್ನಾಯುಗಳ ರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಕೆರಳಿದ್ದರೆ, ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿ ನಡುವೆ ಚುಳುಕ್ ಎನ್ನುತ್ತದೆ. ಎರಡು-ಮೂರು ದಿನ ಭಾರ ಬಿಟ್ಟು, ಆಮೇಲೆ ತಾಳುವಷ್ಟು ಕೈ ಆಡಿಸಬೇಕು. ಬೇರೆಯವರು ಹಿಡಿದು ತಿರುಗಿಸಿದರೂ ಕೈ ಹೊರಕ್ಕೆ ತಿರುಗದಿದ್ದರೆ ಅದು ಫ್ರೋಜನ್ ಶೋಲ್ಡರ್, ಅಂದರೆ ಹೆಗಲ ಕೀಲು ಬಿಗಿದುಕೊಳ್ಳುವ ತೊಂದರೆ ಇರಬಹುದು. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ರಕ್ತದ ಸಕ್ಕರೆ ನೋಡಿಸಲೇಬೇಕು.

ಮೂರು ತಿಂಗಳು ದಾಟಿದ ನೋವಿನ ಲೆಕ್ಕ ಬೇರೆ. ಕೈ ಎಷ್ಟು ಮೇಲೇರುತ್ತದೆ ಎಂದು ಅಳೆದರಷ್ಟೇ ಸಾಲದು. ‘ಎತ್ತಿದರ ನರ ಹರೀತದ’ ಎಂಬ ಅಂಜಿಕೆ, ನಿದ್ದೆಗೇಡು, ಕೂಲಿ ತಪ್ಪಿದ ಚಿಂತೆ, ಕುಗ್ಗಿದ ಮನಸ್ಸು ಇವೆಲ್ಲ ನೋವನ್ನು ಬೆಳೆಸುತ್ತವೆ. ಅಂಜಿದವರು ಹೆಗಲನ್ನು ಕಿವಿಯ ಹತ್ತಿರ ಎಳೆದುಕೊಂಡೇ ಓಡಾಡುತ್ತಾರೆ. ಕುತ್ತಿಗೆಯ ಸ್ನಾಯು ಬಿಗಿಯುತ್ತದೆ, ಆಡಿಸದ ಕೈ ಸೋಲುತ್ತದೆ, ನೋವು ಏರುತ್ತದೆ. ‘ಬ್ಯಾಡವ್ವಾ, ನೀ ಕೊಡ ಎತ್ತಬ್ಯಾಡ’ ಎನ್ನುವ ಮನೆಯವರ ಅಕ್ಕರೆಯೂ ಅಂಜಿಕೆಗೆ ಬಲ ಕೊಡುತ್ತದೆ. ಸ್ಕ್ಯಾನಿನಲ್ಲಿ ‘ರಜ್ಜು ಹರಿದಿದೆ’ ಎಂದು ಬಂದರೆ ಎದೆ ಒಡೆದುಕೊಳ್ಳುವವರೇ ಬಹಳ. 60 ದಾಟಿದ, ನೋವೇ ಇಲ್ಲದ ಅನೇಕರಲ್ಲೂ ಹೀಗೆ ಹರಿದದ್ದು ಕಾಣುತ್ತದೆ ಎಂದು ವೈದ್ಯರು ಆಗಲೇ ತಿಳಿಸಬೇಕು. ಹಾಗೆಂದು ನೋವು ಸುಳ್ಳೆಂದು ಯಾರೂ ಹೇಳಬಾರದು. ಆ ಮಾತು ರೋಗಿಯನ್ನು ಇನ್ನಷ್ಟು ಕುಗ್ಗಿಸುತ್ತದೆ.

ಮನೆಯಲ್ಲಿ ಹೀಗೆ ಮಾಡಬಹುದು. ಚೆನ್ನಾಗಿರುವ ಕೈಯನ್ನು ಮೇಜಿಗೆ ಊರಿ ಬಾಗಿ, ನೋಯುವ ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಮೈಯನ್ನೇ ತೂಗಿ ಊಟದ ತಟ್ಟೆಯಷ್ಟು ಅಗಲದ ಸುತ್ತು ಹಾಕಿಸಿ. ಎರಡೂ ದಿಕ್ಕಿಗೆ ಹತ್ತತ್ತು, ದಿನಕ್ಕೆ ಎರಡು-ಮೂರು ಸಲ. ನಂತರ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಏರಿಸಿ, ಬೆರಳು ನಿಂತಲ್ಲಿ ಸೀಮೆಸುಣ್ಣದ ಗೆರೆ ಹಾಕಿ. ವಾರದ ಮೇಲೆ ಗೆರೆ ಒಂದು ಬೆರಳು ಮೇಲೇರಿದರೂ ಅಂಜಿಕೆ ಇಳಿಯುತ್ತದೆ. ಬಾಯಿಮಾತಿನ ಧೈರ್ಯಕ್ಕಿಂತ ಅದು ಹೆಚ್ಚು ನಾಟುತ್ತದೆ. ಹೆಗಲು ಕಿವಿಗೆ ಏರದಂತೆ ಕನ್ನಡಿಯಲ್ಲಿ ನೋಡಿಕೊಳ್ಳಿ. ನೋವೇ ಇಲ್ಲದ್ದಕ್ಕೆ ಸೊನ್ನೆ, ತಾಳಲಾರದ ನೋವಿಗೆ ಹತ್ತು ಎಂದರೆ, ನಾಲ್ಕರಷ್ಟು ನೋವಾದರೆ ಅಡ್ಡಿಯಿಲ್ಲ. ಮರುದಿನ ಬೆಳಗಾದರೂ ಇಳಿಯದಿದ್ದರೆ ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿ. ಹಗುರಾದ ದಿನ ಐವತ್ತು ಸಲ ಮಾಡಿ, ಆಮೇಲೆ ಮೂರು ದಿನ ಮಲಗುವುದೇ ಹೆಚ್ಚಿನವರು ಎಡವುವ ಜಾಗ. ರಾತ್ರಿ ನೋಯದ ಮಗ್ಗುಲಿಗೆ ಮಲಗಿ, ನೋಯುವ ಕೈಯ ಕೆಳಗೆ ತಲೆದಿಂಬು ಇಡಿ.

ಎದೆ ಬಿಗಿತ, ಬೆವರಿನ ಜೊತೆ ಹೆಗಲು ನೋವು ಬಂದರೆ ವ್ಯಾಯಾಮದ ಮಾತೇ ಬೇಡ, 108ಕ್ಕೆ ಕರೆ ಮಾಡಿ. ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಜ್ವರದೊಂದಿಗೆ ಕೀಲು ಕಾದು ಊದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಲ್ಲಿ ನಮ್ಮ ಕೋರಿಕೆ: ಹಳೆಯ ಹೆಗಲು ನೋವಿನವರಿಗೆ ಗುಳಿಗೆ ಬರೆಯುವ ಮೊದಲು, ನಿದ್ದೆ ಹೇಗಿದೆ, ಅಂಜಿ ಯಾವ ಕೆಲಸ ಬಿಟ್ಟಿದ್ದೀರಿ, ಮನಸ್ಸು ಹೇಗಿದೆ ಎಂದು ಕೇಳಿ. ಅಗತ್ಯವಿದ್ದವರನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕಳಿಸಿ, ಅಲ್ಲಿಗೆ ಯಾಕೆ ಎಂಬುದನ್ನು ಮನೆಯವರ ಎದುರೇ ಬಿಡಿಸಿ ಹೇಳಿ. ಅಲ್ಲಿಗೆ ಹೋದರೂ ಕೈಯ ವ್ಯಾಯಾಮ ನಿಲ್ಲಬಾರದು.

— ಕೆಲವು ಫಿಸಿಯೋಥೆರಪಿಸ್ಟರು, ಹುಬ್ಬಳ್ಳಿ