ಹಳೆಯ ಕ್ಯಾಸೆಟ್ಟುಗಳ ಹಾಡಿನ ನಕಲು ಮಾರುವುದನ್ನು ನಿಲ್ಲಿಸುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕ ಬಂಧುಗಳೆ,

ನಮಸ್ಕಾರ. ಬರುವ ಯುಗಾದಿಯಿಂದ ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ನಿಲ್ಲುತ್ತದೆ. ಒಬ್ಬರು ತಂದುಕೊಟ್ಟ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ ಹಾಡುಗಳನ್ನು ಇನ್ನು ಮುಂದೆ ಮತ್ತೊಬ್ಬರ ಪೆನ್‌ಡ್ರೈವಿಗೆ ಹಾಕಿ ಹಣ ತೆಗೆದುಕೊಳ್ಳುವುದಿಲ್ಲ. ನಿಮ್ಮ ಸ್ವಂತ ಕ್ಯಾಸೆಟ್ಟನ್ನು ನಿಮಗಾಗಿ ಇಳಿಸಿಕೊಡುವ ಕೆಲಸ ಎಂದಿನಂತೆ ನಡೆಯುತ್ತದೆ, ದರವೂ ಅದೇ. ಇದರ ಜೊತೆಗೆ ನಮ್ಮ ಸೀಮೆಯ ಹಾಡುಗಾರರನ್ನು ಕರೆಸಿ ಹೊಸದಾಗಿ ಧ್ವನಿಮುದ್ರಣ ಮಾಡಿ, ಅವರ ಒಪ್ಪಿಗೆಯಿಂದ, ಅವರಿಗೆ ಪಾಲು ಕೊಟ್ಟು ಮಾರುವ ಕೆಲಸವನ್ನು ಆರಂಭಿಸುತ್ತಿದ್ದೇವೆ.

ಸುದ್ದಿ ಮಂಡಿಪೇಟೆಯಲ್ಲಿ ಹರಡಿದ ಮೇಲೆ ಹಲವರು ‘ಕಂಪನಿಯವರು ನೋಟಿಸ್ ಕೊಟ್ಟರೇ?’ ಎಂದು ವಿಚಾರಿಸಿದ್ದಾರೆ. ಯಾರೂ ಕೊಟ್ಟಿಲ್ಲ. ಕಾನೂನು ಇದೆ ನಿಜ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ, ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ಆ ಹೆದರಿಕೆಯೊಂದೇ ಆಗಿದ್ದರೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಸುಮ್ಮನಾಗುತ್ತಿದ್ದೆವು. ಇಷ್ಟು ಉದ್ದದ ಪತ್ರ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ನಮ್ಮ ಬಹುಕಾಲದ ಗಿರಾಕಿಗಳಾದ ಒಬ್ಬ ನಿವೃತ್ತ ಮೇಷ್ಟ್ರು ಈ ನಿರ್ಧಾರವನ್ನು ಗಟ್ಟಿಯಾಗಿ ವಿರೋಧಿಸಿದರು. ಅವರ ಮಾತನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಿಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿರುವುದೂ ಅದೇ. ಕಳವು ಎಂದರೆ ಒಬ್ಬರ ಬಳಿ ಇದ್ದದ್ದು ಇಲ್ಲವಾಗಬೇಕು. ಹಾಡನ್ನು ನಕಲು ಮಾಡಿದರೆ ಯಾರ ಹಾಡೂ ಕಡಿಮೆಯಾಗುವುದಿಲ್ಲ. ಕಂಪನಿಗಳು ಈ ಕ್ಯಾಸೆಟ್ಟುಗಳನ್ನು ಮರುಮುದ್ರಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ತಾವೂ ಮಾರುವುದಿಲ್ಲ, ನಿಮಗೂ ಬಿಡುವುದಿಲ್ಲ ಎಂದರೆ ಹೇಗೆ? ಹಾಡು ಹಂಚಿಕೊಂಡರೆ ಉಳಿಯುತ್ತದೆ, ಬೀಗ ಹಾಕಿದರೆ ಕೊಳೆಯುತ್ತದೆ. ಇದು ಅವರ ವಾದ.

ಇದರಲ್ಲಿ ಮುಕ್ಕಾಲು ಪಾಲು ನಾವೂ ಒಪ್ಪುತ್ತೇವೆ. ಕೊಳೆಯುವುದನ್ನು ದಿನವೂ ಕಣ್ಣಾರೆ ನೋಡುವವರು ನಾವು. ಮಳೆಗಾಲ ಕಳೆದ ಮೇಲೆ ಬರುವ ಕ್ಯಾಸೆಟ್ಟುಗಳ ಕಿಂಡಿಯಲ್ಲಿ ಇಣುಕಿದರೆ ಸುರುಳಿಯ ಅಂಚಿಗೆ ಬಿಳಿ ಬೂಷ್ಟು ಹತ್ತಿರುತ್ತದೆ. ರೀಲನ್ನು ಯಂತ್ರದ ಹೆಡ್ಡಿಗೆ, ಅಂದರೆ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರಿಹೋಗಿ ಒಂದು ಕಡೆಯ ದನಿ ಗವಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಸ್ಕ್ರೂ ಬಿಚ್ಚಿ, ರೀಲನ್ನು ಬೇರೆ ಕವಚಕ್ಕೆ ಹಾಕಿ, ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಒಂದು ಗಂಟೆಯ ಕ್ಯಾಸೆಟ್ಟನ್ನು ಒಂದು ಗಂಟೆ ಪೂರ್ತಿ ಓಡಿಸಿದರೆ ಮಾತ್ರ ಹಾಡು ಕೈಗೆ ಸಿಗುತ್ತದೆ. ಎಷ್ಟೋ ಸೋಬಾನೆ ಪದ, ಭಜನೆ, ಹರಿಕಥೆಗಳು ಇಂದಿಗೂ ಕೇಳಲು ಸಿಗುತ್ತಿದ್ದರೆ ಅದು ಯಾರೋ ಯಾರಿಗೋ ನಕಲು ಮಾಡಿ ಕೊಟ್ಟಿದ್ದರಿಂದ.

ಕಂಪನಿಗಳ ನಡವಳಿಕೆಯನ್ನೂ ನಾವು ಸಮರ್ಥಿಸುವುದಿಲ್ಲ. ಅಮೆರಿಕದಲ್ಲಿ 1999ರಲ್ಲಿ ನ್ಯಾಪ್‌ಸ್ಟರ್ ಎಂಬ ಸೇವೆ ಬಂದು, ಒಬ್ಬರ ಕಂಪ್ಯೂಟರಿನಲ್ಲಿದ್ದ ಹಾಡನ್ನು ಇನ್ನೊಬ್ಬರು ಕಾಸಿಲ್ಲದೆ ಇಳಿಸಿಕೊಳ್ಳುವಂತಾಯಿತು. ರೆಕಾರ್ಡಿಂಗ್ ಕಂಪನಿಗಳು ಮೊಕದ್ದಮೆ ಹೂಡಿದವು, 2001ರಲ್ಲಿ ಅದರ ಬಾಗಿಲು ಮುಚ್ಚಿತು. ಅಷ್ಟಕ್ಕೆ ತೃಪ್ತಿಯಾಗದೆ 2003ರಿಂದ ಹಾಡು ಹಂಚಿಕೊಂಡ ಸಾಮಾನ್ಯ ಜನರನ್ನೇ ಸಾವಿರಾರು ಸಂಖ್ಯೆಯಲ್ಲಿ ಕೋರ್ಟಿಗೆ ಎಳೆದವು. ಮಿನ್ನೆಸೋಟ ರಾಜ್ಯದ ಒಬ್ಬ ಮಹಿಳೆ 24 ಹಾಡುಗಳಿಗಾಗಿ 2,22,000 ಡಾಲರ್ ಪರಿಹಾರ ಕಟ್ಟಬೇಕೆಂದು ಕೊನೆಗೆ ತೀರ್ಮಾನವಾಯಿತು. ಒಂದು ಹಾಡಿಗೆ 9,250 ಡಾಲರ್! ಇದನ್ನು ನ್ಯಾಯ ಎಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ನಮ್ಮ ತಕರಾರು ಏನು? ‘ಕಂಪನಿಗೆ ನಷ್ಟವಾದರೆ ನಮಗೇನು’ ಎನ್ನುವಾಗ ಆ ಕಂಪನಿ ಎಂಬ ಮಾತಿನ ಹಿಂದೆ ಹಾಡಿದವರೇ ಕಾಣದಾಗುತ್ತಾರೆ.

ಕಳೆದ ವರ್ಷ ಜಗಳೂರು ಕಡೆಯ ಒಬ್ಬ ಹಿರಿಯ ತಾಯಿ ಮೊಮ್ಮಗನ ಜೊತೆ ಅಂಗಡಿಗೆ ಬಂದರು. ಬಹಳ ಹಿಂದೆ ತಾವು ಹಾಡಿದ್ದ ಸೋಬಾನೆ ಪದಗಳ ಕ್ಯಾಸೆಟ್ ನಮ್ಮಲ್ಲಿದೆಯೇ ಎಂದು ಕೇಳಿದರು. ಇತ್ತು. ಕಂಪ್ಯೂಟರಿನಲ್ಲಿ ಹಾಕಿದಾಗ ಆ ತಾಯಿ ಎರಡನೆಯ ಪದಕ್ಕೆ ತಾವೂ ದನಿಗೂಡಿಸಿದರು; ಎಲ್ಲಿ ಉಸಿರು ತೆಗೆದುಕೊಂಡಿದ್ದರೋ ಅಲ್ಲೇ ಈಗಲೂ ತೆಗೆದುಕೊಂಡರು. ಅಂದು ಮುದ್ರಣ ಮಾಡಿಸಿದವರು ಒಂದೇ ಸಲ ಸ್ವಲ್ಪ ಹಣ, ಊಟ, ಬಸ್ ಚಾರ್ಜ್ ಕೊಟ್ಟು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಕ್ಯಾಸೆಟ್ಟಿನ ಒಂದು ಪ್ರತಿಯೂ ಅವರ ಮನೆಗೆ ಬಂದಿರಲಿಲ್ಲ. ಆ ಪದಗಳು ಎಷ್ಟು ಮದುವೆ ಮನೆಗಳಲ್ಲಿ ಮೊಳಗಿವೆಯೋ ಲೆಕ್ಕವಿಲ್ಲ. ಹಾಡಿದ ತಾಯಿ ಮಾತ್ರ ತಮ್ಮ ದನಿಯನ್ನು ಹುಡುಕಿಕೊಂಡು ದಾವಣಗೆರೆಗೆ ಬರಬೇಕಾಯಿತು.

ಮುದ್ರಿಸಿದ ಕಂಪನಿಯಿಂದಲೂ ಅವರಿಗೆ ಬರಲಿಲ್ಲ, ನಕಲು ಮಾಡಿದವರಿಂದಲೂ ಬರಲಿಲ್ಲ. ಕಂಪನಿಯ ದುರಾಸೆಯನ್ನು ತೋರಿಸಿ ನಕಲನ್ನು ಸಮರ್ಥಿಸುವ ವಾದ ಎಡವುವುದು ಇಲ್ಲಿಯೇ.

ಕಾನೂನಿಗೂ ಹಾಡುವವರು ಬಹಳ ಕಾಲ ಕಣ್ಣಿಗೆ ಬೀಳಲಿಲ್ಲ. ಸಿನಿಮಾ ನಿರ್ಮಾಪಕರು ಹಣ ಕೊಟ್ಟು ಮಾಡಿಸಿದ ಹಾಡಿನ ಮೇಲೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ಹಕ್ಕು ಉಳಿಯುವುದಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ಟಿಪ್ಪಣಿ ಸೇರಿಸಿ, ಗಾಯಕರಿಗೆ ನಮ್ಮ ಕಾಯ್ದೆಯಲ್ಲಿ ಯಾವ ಹಕ್ಕೂ ಇಲ್ಲದಿರುವುದನ್ನು ಸಂಸತ್ತಿನ ಗಮನಕ್ಕೆ ತಂದರು. ಹಾಡುವವರಂಥ ಪ್ರದರ್ಶಕರ ಹಕ್ಕು ಕಾಯ್ದೆಗೆ ಸೇರಿದ್ದು 1994ರಲ್ಲಿ. ರಾಯಧನದ (ರಾಯಲ್ಟಿಯ) ಪಾಲಿನ ಮಾತು ಬಲವಾಗಿ ಬಂದಿದ್ದು 2012ರ ತಿದ್ದುಪಡಿಯಲ್ಲಿ. ಅಷ್ಟು ಹೊತ್ತಿಗೆ ನಮ್ಮ ಕಡೆಯ ಜನಪದ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು.

ಇಲ್ಲಿ ಇನ್ನೊಂದು ಮಾತು. ಕ್ಯಾಸೆಟ್ ಬಂದಿದ್ದರಿಂದಲೇ ಆ ತಾಯಿಯಂಥವರ ದನಿ ಮುದ್ರಣವಾಯಿತು. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಯಾರ ಹಾಡು ಮುದ್ರಣವಾಗಬೇಕು ಎಂಬುದು ಬೆರಳೆಣಿಕೆಯ ದೊಡ್ಡ ಕಂಪನಿಗಳ ಕೈಯಲ್ಲಿತ್ತು. 80ರ ದಶಕದಲ್ಲಿ ಕ್ಯಾಸೆಟ್ ಯಂತ್ರ ಅಗ್ಗವಾದ ಮೇಲೆ ಸಣ್ಣ ಊರಿನವರೂ ಭಜನೆ ಮೇಳ, ಬೀಸುವ ಪದ, ರಂಗಗೀತೆಗಳನ್ನು ಹೊರತಂದರು. ನಕಲಿ ಕ್ಯಾಸೆಟ್ಟುಗಳು ಸಂತೆಸಂತೆಗೆ ಹರಿದದ್ದೂ ಅದೇ ಯಂತ್ರದಿಂದ. ಆದ್ದರಿಂದ ನಕಲು ಯಂತ್ರವನ್ನು ಶಪಿಸುವುದು ನಮ್ಮಿಂದ ಆಗದು. ಆ ಯಂತ್ರದಿಂದ ಬಂದ ಹಣ ಯಾರಿಗೆ ಸೇರಿತು ಎಂಬುದಷ್ಟೇ ನಮ್ಮ ಪ್ರಶ್ನೆ, ಅದನ್ನು ನಾವು ನಮ್ಮ ಗಲ್ಲಾಪೆಟ್ಟಿಗೆಯಿಂದಲೇ ಕೇಳಬೇಕಾಗಿದೆ.

ಈಗ ಅಂಗಡಿಯ ವಿಷಯಕ್ಕೆ ಬರೋಣ. ನೀವು ಹಣ ಕೊಟ್ಟು ಕೊಂಡ ಕ್ಯಾಸೆಟ್ಟನ್ನು ನಿಮ್ಮ ಮನೆಯ ಬಳಕೆಗೆ ಇಳಿಸಿಕೊಡುತ್ತೇವೆ. ಸ್ವಂತ ಬಳಕೆಗಾಗಿ ಮಾಡುವ ನ್ಯಾಯವಾದ ಉಪಯೋಗಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಕೆಲಸ ಮುಗಿದು ನೀವು ಕೇಳಿ ನೋಡಿದ 30 ದಿನಗಳ ನಂತರ ನಮ್ಮ ಕಂಪ್ಯೂಟರಿನಿಂದ ಅದನ್ನು ಅಳಿಸುತ್ತೇವೆ, ಹಾಗಾಗಿ ನಿಮ್ಮ ಪೆನ್‌ಡ್ರೈವನ್ನು ಜೋಪಾನ ಮಾಡಿಕೊಳ್ಳಿ. ಮನೆಯಲ್ಲೇ ಮುದ್ರಿಸಿದ ಅಜ್ಜಿಯ ಹಾಡು, ನಾಮಕರಣದ ಗದ್ದಲ, ತೀರಿಕೊಂಡವರ ಮಾತು, ಇವಕ್ಕೆಲ್ಲ ಯಾವ ತೊಡಕೂ ಇಲ್ಲ. ಮದುವೆ ಮೆರವಣಿಗೆಯಲ್ಲಿ ಹಾಡು ಹಾಕಲು ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ಅದು ಹಾಗೆಯೇ ಇರುತ್ತದೆ. ಆದರೆ ಆ ವಿನಾಯಿತಿ ಹಾಡಿಸುವುದಕ್ಕೆ, ನಕಲು ಮಾಡಿ ಮಾರುವುದಕ್ಕಲ್ಲ. ಸಿನಿಮಾ ಹಾಡು ಬೇಕೆಂದು ಬರುವವರಿಗೆ ಮೊಬೈಲಿನಲ್ಲಿ ಅದನ್ನು ಸರಿಯಾದ ದಾರಿಯಲ್ಲಿ ಕೇಳುವುದು ಹೇಗೆಂದು ನಮ್ಮ ಹುಡುಗರು ತೋರಿಸಿಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ.

ಕಷ್ಟವಿರುವುದು ಮಿಕ್ಕ ಕ್ಯಾಸೆಟ್ಟುಗಳದ್ದು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ಅದೂ ಮುದ್ರಿಸಿದವರ ಹೆಸರಿನಲ್ಲಿ. ಅಂದರೆ 80ರ ದಶಕದ ಜನಪದ ಕ್ಯಾಸೆಟ್ ನಮ್ಮ ಜೀವಮಾನದಲ್ಲಿ ಬಿಡುಗಡೆ ಕಾಣುವುದು ಅನುಮಾನ. ಹಾಡಿದವರು ಒಪ್ಪಿದರೂ ಸಾಲದು, ಮುದ್ರಿಸಿದ ಕಂಪನಿಯೂ ಒಪ್ಪಬೇಕು. ಎಷ್ಟೋ ಕಂಪನಿಗಳ ವಿಳಾಸವೇ ಇಲ್ಲ. ಇಂಥವನ್ನು ನಾವು ಮಾರುವುದಿಲ್ಲ, ನಾಶವಾಗಲೂ ಬಿಡುವುದಿಲ್ಲ. ಶುಚಿಮಾಡಿ, ಹೊದಿಕೆಯ ಕಾಗದದೊಂದಿಗೆ ಒಣ ಡಬ್ಬಿಯಲ್ಲಿ ಇಟ್ಟು, ವಾರಸುದಾರರಿಗಾಗಿ ಹುಡುಕುತ್ತೇವೆ. ಈ ಏರ್ಪಾಡು ನಮಗೇ ಪೂರ್ತಿ ಸಮಾಧಾನ ತಂದಿಲ್ಲ. ಮಾರಾಟಕ್ಕೇ ಇಲ್ಲದ ಹಾಡಿಗೆ 60 ವರ್ಷ ಬೀಗ ಹಾಕುವ ಕಾಯ್ದೆ ಬದಲಾಗಬೇಕು ಎಂದು ನಾವು ಬಲವಾಗಿ ನಂಬುತ್ತೇವೆ.

ಹೊಸ ಧ್ವನಿಮುದ್ರಣದ ಯೋಚನೆ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಜನಪದದ ಪದ ಯಾರೊಬ್ಬರ ಆಸ್ತಿಯೂ ಅಲ್ಲ. ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಓದು ಬರಹ ಕಲಿಯದೆ ಸಾವಿರಾರು ಪದಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಅವು ಅವರಿಗೆ ಹಿರಿಯರಿಂದ ಬಂದವು. ಹಳೆಯ ರೀಲಿನ ಹಕ್ಕು ಕಂಪನಿಯದಾಗಿರಬಹುದು, ಆದರೆ ಅದೇ ಪದವನ್ನು ಮತ್ತೆ ಹಾಡುವುದನ್ನು ಯಾರೂ ತಡೆಯಲಾರರು. ಆದ್ದರಿಂದ ಅಂಗಡಿಯ ಹಿಂದಿನ ಕೋಣೆಯನ್ನು ಮುದ್ರಣಕ್ಕೆ ಸಜ್ಜು ಮಾಡಿದ್ದೇವೆ. ಮುದ್ರಣಕ್ಕೆ ಹಾಡುಗಾರರಿಂದ ಹಣ ತೆಗೆದುಕೊಳ್ಳುವುದಿಲ್ಲ. ಹಕ್ಕು ಅವರ ಹೆಸರಿನಲ್ಲೇ ಇರುತ್ತದೆ ಎಂಬ ಕರಾರನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಂದು ಪ್ರತಿಯನ್ನು ಅವರ ಕೈಗೆ ಕೊಡುತ್ತೇವೆ. ಒಂದು ಪೆನ್‌ಡ್ರೈವಿಗೆ ಹಾಕುವ ಹಾಡುಗಳಿಗೆ 150 ರೂಪಾಯಿ. ಅದರಲ್ಲಿ 90 ಹಾಡುಗಾರರಿಗೆ, ಉಳಿದದ್ದು ಅಂಗಡಿಗೆ.

ಇಂಟರ್ನೆಟ್ಟಿಗೇ ಹಾಕಬಹುದಲ್ಲ ಎಂದು ಯುವಕರು ಕೇಳುತ್ತಾರೆ. ಬಯಸಿದವರಿಗೆ ಅದನ್ನೂ ಮಾಡಿಕೊಡುತ್ತೇವೆ. ಆದರೆ ಇಂಟರ್ನೆಟ್ಟಿನಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಎಂಬ ಸೇವೆ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಬಾರಿಯಾದರೂ ಕೇಳದ ಹಾಡಿನ ಮುದ್ರಣಕ್ಕೆ ರಾಯಧನ ಕೊಡುವುದಿಲ್ಲ. ಎರಡು ಮೂರು ತಾಲ್ಲೂಕುಗಳಲ್ಲಿ ಮಾತ್ರ ಕೇಳುಗರಿರುವ ಸೋಬಾನೆ ಪದಕ್ಕೆ ಅಲ್ಲಿ ಕೈಗೆ ಏನೂ ಹತ್ತದಿರಬಹುದು. ನಮ್ಮಲ್ಲಿ 50 ಪ್ರತಿ ಹೋದರೆ 4,500 ರೂಪಾಯಿ ಹಾಡಿದವರ ಕೈ ಸೇರುತ್ತದೆ.

ರಂಗಗೀತೆಗಳ ಬಗ್ಗೆ ಪ್ರತ್ಯೇಕವಾಗಿ ತಿಳಿಸಬೇಕು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯ ಊರಿದು, ಅವನ್ನು ಕೇಳಿಕೊಂಡು ಬರುವವರೇ ನಮ್ಮಲ್ಲಿ ಹೆಚ್ಚು. ಆದರೆ ರಂಗಗೀತೆಗೆ ಬರೆದವರಿರುತ್ತಾರೆ, ರಾಗ ಹಾಕಿದವರಿರುತ್ತಾರೆ. ಅವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಮನೆಯವರಿಗೆ ಇರುತ್ತದೆ. ಹಾಗಾಗಿ ಮನೆಯವರನ್ನು ಕಂಡು ಒಪ್ಪಿಗೆ ಪಡೆದ ಹಾಡುಗಳು ಮಾತ್ರ ಪಟ್ಟಿಗೆ ಸೇರುತ್ತವೆ, ಅದಕ್ಕೆ ಸಮಯ ಹಿಡಿಯುತ್ತದೆ.

ಮುಂಗಡ ಹಣ ಕೊಟ್ಟು ಹಾಡು ಹೇಳಿಟ್ಟವರು ಯುಗಾದಿಯೊಳಗೆ ಬಂದು ಹಣವನ್ನು ವಾಪಸ್ ಪಡೆಯಬೇಕಾಗಿ ವಿನಂತಿ. ಹಾಡುಗಾರರು, ಭಜನೆ ಮೇಳದವರು ಯಾವ ಭಾನುವಾರವಾದರೂ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಬರಬಹುದು; ಹಿರಿಯರಿದ್ದರೆ ನಾವೇ ಯಂತ್ರ ತೆಗೆದುಕೊಂಡು ಊರಿಗೆ ಬರುತ್ತೇವೆ. ನಿಮ್ಮ ಊರಿನ ಹಳೆಯ ಕ್ಯಾಸೆಟ್ಟಿನಲ್ಲಿ ಹಾಡಿದವರು ಯಾರು, ಅವರ ಮನೆಯವರು ಈಗ ಎಲ್ಲಿದ್ದಾರೆ ಎಂದು ಗೊತ್ತಿದ್ದವರು ದಯವಿಟ್ಟು ತಿಳಿಸಿ. ಕ್ಯಾಸೆಟ್ಟುಗಳನ್ನು ತರುವಾಗ ಹೊದಿಕೆಯ ಕಾಗದವನ್ನೂ ತನ್ನಿ, ಹೆಸರುಗಳು ಇರುವುದು ಅದರಲ್ಲೇ. ಬೂಷ್ಟು ಹಿಡಿದದ್ದನ್ನು ಮನೆಯ ಟೇಪ್‌ರೆಕಾರ್ಡರಿಗೆ ಹಾಕಿ ನೋಡಬೇಡಿ, ರೀಲು ತುಂಡಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು ಮತ್ತು ಸಿಬ್ಬಂದಿ
ಮಂಡಿಪೇಟೆ, ದಾವಣಗೆರೆ